ಸ್ಟಾರಣ್ಣನ ಮನೆಯ ಏಸಿ

ಸ್ಟಾರಣ್ಣ ಎಂಬುದು ಅವನಿಗೆ ಯಾರೂ ಪ್ರೀತಿಯಿಂದ ಇಟ್ಟ ಹೆಸರಲ್ಲ. ಏಸಿ ಕೂರಿಸುವುದು, ರಿಪೇರಿ ಮಾಡುವುದು ಅವನ ಕಸುಬು. ಬೇರೆ ಯಾರೋ ಕೂರಿಸಿದ ಏಸಿಯನ್ನು ನೋಡಲು ಕರೆದಾಗ ಕೆಲಸ ಕೆಟ್ಟದಾಗಿ ಆಗಿದೆ ಎಂದು ಕಂಡರೆ ಸಾಕು, ಅದರ ಮುಖಕ್ಕೆ ಅಂಟಿಸಿದ ಸ್ಟಾರ್ ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿ, ಪರ್ರನೆ ಎಳೆದು, ಉಂಡೆ ಮಾಡಿ ಮನೆಯ ಯಜಮಾನರ ಕೈಗಿಡುತ್ತಿದ್ದ. "ತಗೊಳ್ಳಿ ನಿಮ್ಮ ಐದು ಸ್ಟಾರು. ಜೇಬಲ್ಲಿಟ್ಕೊಳ್ಳಿ, ತಂಪಾಗಿರುತ್ತೆ" ಎನ್ನುತ್ತಿದ್ದ.

ಜನರಿಗೆ ಮೈ ಉರಿಯುತ್ತಿತ್ತು. ಉರಿಯದೆ ಏನು? ಆ ಸ್ಟಿಕ್ಕರು ಎಂದರೆ ಮನೆಯ ಮಾನ. ಏಸಿಗೆ ವಯಸ್ಸಾಗಿ ಮೈ ಹಳದಿಗಟ್ಟಿದರೂ ಸ್ಟಿಕ್ಕರನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳಪು ಹೋಗದಂತೆ ಇಟ್ಟುಕೊಂಡ ಮನೆಗಳಿದ್ದವು. ನೆಂಟರು ಬಂದರೆ ಮೊದಲು ಕಣ್ಣು ಹೋಗುವುದು ಅಲ್ಲಿಗೆ. ಪಕ್ಕದ ಮನೆಯವರದು ಮೂರು ಸ್ಟಾರು, ನಮ್ಮದು ಐದು ಎಂದು ಹೇಳಿಕೊಳ್ಳುವ ಸುಖಕ್ಕೆ ಬೆವರುತ್ತಲೇ ಕೂತಿರುವ ಮಂದಿ ಅವರು. ಅಂಥವರ ಕಣ್ಣೆದುರೇ ಸ್ಟಿಕ್ಕರು ಕಿತ್ತರೆ ಮಂಗಳಾರತಿ ಎತ್ತಿಸಿಕೊಳ್ಳದೆ ಹೊರಗೆ ಬರಲಾದೀತೇ?

ಅವನ ವಾದ ಸೀದಾ ಇತ್ತು. ಸ್ಟಾರ್ ಕೊಟ್ಟವರು ಯಂತ್ರವನ್ನು ಪರೀಕ್ಷೆಯ ಕೋಣೆಯಲ್ಲಿಟ್ಟು, ಇಷ್ಟು ಕರೆಂಟು ಕುಡಿದು ಎಷ್ಟು ತಂಪು ಕೊಡುತ್ತದೆ ಎಂದು ಅಳೆದು ಕೊಟ್ಟಿದ್ದಾರೆ. ಕಡಿಮೆ ಕುಡಿದು ಹೆಚ್ಚು ತಂಪು ಕೊಟ್ಟದ್ದಕ್ಕೆ ಹೆಚ್ಚು ಸ್ಟಾರು. ಅಲ್ಲಿ ಪೈಪು ನೆಟ್ಟಗಿತ್ತು, ಗ್ಯಾಸು ಅಳತೆಗೆ ತಕ್ಕಷ್ಟಿತ್ತು, ಗಾಳಿಗೆ ಜಾಗವಿತ್ತು. ಮನೆಗೆ ತಂದವರು ಏನು ಮಾಡುತ್ತಾರೆ? ಹೊರಗಿನ ಡಬ್ಬವನ್ನು ಉಸಿರಾಡದಂತೆ ಗೋಡೆಗೆ ಒತ್ತಿ ಕೂರಿಸುತ್ತಾರೆ, ಪೈಪನ್ನು ಕತ್ತು ಹಿಸುಕಿದಂತೆ ಮಡಚುತ್ತಾರೆ, ಆಮೇಲೆ ಫೈವ್ ಸ್ಟಾರ್ ಫೈವ್ ಸ್ಟಾರ್ ಎಂದು ಡಂಗುರ ಹೊಡೆಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಅವನು ಹೇಳುತ್ತಿದ್ದುದು ಸರಿಯೇ ಇತ್ತು, ಅದೇ ದೊಡ್ಡ ತೊಂದರೆ. ತಪ್ಪು ಮಾಡಿ ಕೂಗಾಡುವವನಿಗೆ ಒಂದಲ್ಲ ಒಂದು ದಿನ ಯಾರಾದರೂ ಬಾಯಿ ಮುಚ್ಚಿಸುತ್ತಾರೆ. ಸರಿಯಾಗಿದ್ದುಕೊಂಡು ಕೂಗಾಡುವವನನ್ನು ತಡೆಯುವವರು ಯಾರು? ಹಾಗಾಗಿ ಅವನ ಕೋಪ ಮೂಗಿನ ತುದಿಯಿಂದ ಕೆಳಗಿಳಿಯಲೇ ಇಲ್ಲ. ಅಂಗಡಿಯವರ ಮೇಲೆ ಸಿಟ್ಟು, ಗಿರಾಕಿಗಳ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ಅವಸರ ಮಾಡುವವರ ಮೇಲೆ ಸಿಟ್ಟು.

ಅವಸರದ ವಿಷಯ ಸ್ವಲ್ಪ ಹೇಳಬೇಕು. ಹೊಸ ಏಸಿ ಕೂರಿಸುವಾಗ ಒಳಗಿನ ಯಂತ್ರಕ್ಕೂ ಹೊರಗಿನ ಡಬ್ಬಕ್ಕೂ ದಪ್ಪದೊಂದು, ತೆಳುವಾದದ್ದೊಂದು ತಾಮ್ರದ ಪೈಪು ಜೋಡಿಸುತ್ತಾರೆ. ಆ ಪೈಪುಗಳೊಳಗೆ ಸಿಕ್ಕಿಬಿದ್ದ ಗಾಳಿಯನ್ನು, ತೇವವನ್ನು ಒಂದು ಪಂಪು ಹಾಕಿ ಪೂರ್ತಿ ಎಳೆದು ತೆಗೆಯಬೇಕು. ಅದಕ್ಕೆ ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ನೋಡುವವರ ಕಣ್ಣಿಗೆ ಏನೂ ನಡೆಯುವುದಿಲ್ಲ, ಪಂಪು ಗುರುಗುಟ್ಟುತ್ತಿರುತ್ತದೆ ಅಷ್ಟೇ. ಮನೆಯವರು ಗಡಿಯಾರ ನೋಡುತ್ತಾರೆ, ಅಂಗಡಿಯವನು ಇನ್ನೊಂದು ಮನೆಗೆ ಹೋಗು ಎಂದು ಫೋನು ಮಾಡುತ್ತಾನೆ. ಇದಕ್ಕೆ ಕಳ್ಳದಾರಿಯೊಂದಿದೆ. ಡಬ್ಬದಲ್ಲಿರುವ ಗ್ಯಾಸನ್ನೇ ಒಂದಿಷ್ಟು ಬಿಟ್ಟು, ಪೈಪಿನ ಗಾಳಿಯನ್ನು ಉಸ್ಸೆಂದು ಹೊರಕ್ಕೆ ಊದಿಸಿಬಿಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅಲ್ಲಿಗೆ ಯಂತ್ರದ ಆಯುಸ್ಸೂ ಅರ್ಧ ಮುಗಿಯುತ್ತದೆ. ಸ್ಟಾರಣ್ಣ ಮಾತ್ರ ಪಂಪಿನ ಪಕ್ಕ ಕಾವಲು ನಾಯಿಯಂತೆ ಕೂತುಬಿಡುತ್ತಿದ್ದ. ಸಾಕು ನಿಲ್ಲಿಸಪ್ಪ ಎಂದವರಿಗೆ ಸರಿಯಾದ ಪೂಜೆಯಾಗುತ್ತಿತ್ತು.

ಹೆಂಡತಿಯ ತಮ್ಮ ಅವನ ಜೊತೆ ಬಹಳ ವರ್ಷ ಕೆಲಸ ಮಾಡಿದ್ದ. ನಗುಮೊಗದ ಮನುಷ್ಯ, ಗಿರಾಕಿಗಳಿಗೆಲ್ಲ ಬೇಕಾದವನು. ಭಾವ ಬೈದು ಕೆಡಿಸಿದ ಮನೆಗಳಿಗೆ ಹಿಂದಿನಿಂದ ಹೋಗಿ ಸಮಾಧಾನ ಹೇಳಿ ಬರುವುದು ಅವನ ಪಾಲಿನ ಕೆಲಸ. ಒಂದು ಬೇಸಿಗೆಯಲ್ಲಿ, ಕರೆಗಳ ಮೇಲೆ ಕರೆ ಬರುತ್ತಿದ್ದಾಗ, ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಗೆ ಅವನನ್ನು ಒಬ್ಬನೇ ಕಳಿಸಿದ್ದಾಯಿತು. ಪಂಪನ್ನು ವ್ಯಾನಿನಿಂದ ಇಳಿಸದೆಯೇ ಅವನು ಕಳ್ಳದಾರಿ ಹಿಡಿದ. ಅದೇ ಹೊತ್ತಿಗೆ ಸ್ಟಾರಣ್ಣ ಅಲ್ಲಿಗೆ ಬಂದ.

ಬೈದು ಸುಮ್ಮನಾಗಿದ್ದರೆ ಅದು ಬೇರೆ ಮಾತು. ಹಲ್ಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ ರೋಗಿಗಳೆಲ್ಲರ ಎದುರಿಗೆ ಅವನು ಹೊಸ ಏಸಿಯ ಸ್ಟಿಕ್ಕರನ್ನು ಕಿತ್ತು, ಭಾವಮೈದನ ಎದೆಗೆ ಅಂಟಿಸಿ, ಮೇಲೊಂದು ಏಟು ಕೊಟ್ಟು ಒತ್ತಿದ. ಇನ್ನು ಮುಂದೆ ನಮ್ಮ ಹೊಸ್ತಿಲು ತುಳಿಯಕೂಡದು ಎಂದ. ಬಾಯಿ ತೆರೆದು ಕೂತಿದ್ದ ರೋಗಿ ಕೂಡ ಬಾಯಿ ಮುಚ್ಚಿಕೊಂಡನಂತೆ. ಭಾವಮೈದ ಆ ಸ್ಟಿಕ್ಕರನ್ನು ಕೀಳದೆ, ಹಾಗೆಯೇ ಮೆಟ್ಟಿಲಿಳಿದು ಹೋದ. ಆಮೇಲೆ ಬೇರೆ ಅಂಗಡಿ ಸೇರಿದ. ಹೆಂಡತಿಗೆ ಇದ್ದ ಒಬ್ಬನೇ ತಮ್ಮ. ಅವಳು ಅತ್ತಳೋ ಬಿಟ್ಟಳೋ, ಸ್ಟಾರಣ್ಣ ಕೇಳಲಿಲ್ಲ. ತಪ್ಪು ತಪ್ಪೇ ಅಲ್ಲವೇ, ಅದರಲ್ಲಿ ಕೇಳುವುದೇನು?

ಹೆಂಡತಿ ಮನೆಯಲ್ಲೇ ಕೇಕು ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಬೇಯಿಸಿ, ಪಕ್ಕದ ಸಣ್ಣ ಕೋಣೆಯಲ್ಲಿ ಕ್ರೀಮು ಬಳಿದು ಹೂವು ಬಿಡಿಸುವುದು. ಅವಳ ಕೈಯ ಕ್ರೀಮಿನ ಗುಲಾಬಿಯನ್ನು ಮಕ್ಕಳು ನಿಜದ್ದೆಂದು ಮೂಸಿ ನೋಡುತ್ತಿದ್ದರು. ಆದರೆ ಕ್ರೀಮಿನಂಥ ಹಟಮಾರಿ ವಸ್ತು ಮತ್ತೊಂದಿಲ್ಲ. ಕೋಣೆ ತುಸು ಬಿಸಿಯಾದರೂ ಸಾಕು, ಎಸಳು ಜೋಲು ಬಿದ್ದು, ಬದಿಗೆ ಬಳಿದದ್ದು ಜಾರಿ, ಕೇಕು ಅಳುವ ಮುಖದಂತಾಗುತ್ತದೆ. ಅದಕ್ಕೇ ಸ್ಟಾರಣ್ಣ ಅವಳ ಕೋಣೆಗೊಂದು ಐದು ಸ್ಟಾರಿನ ಏಸಿ ತಂದ. ದಿನವಿಡೀ ಓಡಿದರೂ ಕರೆಂಟು ಹೆಚ್ಚು ತಿನ್ನುವುದಿಲ್ಲ ಎಂದು ಹುಡುಕಿ ಹುಡುಕಿ ತಂದದ್ದು. ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ಗಲಾಟೆಯಾದ ವಾರದಲ್ಲೇ ತಾನೊಬ್ಬನೇ ಏಣಿ ಹತ್ತಿ, ಹಿತ್ತಿಲ ಗೋಡೆಯ ಎತ್ತರದಲ್ಲಿ ಡಬ್ಬ ಕೂರಿಸಿ, ಪಂಪನ್ನು ಅರ್ಧ ಗಂಟೆಗಿಂತ ಹೆಚ್ಚೇ ಓಡಿಸಿ ಜೋಡಿಸಿದ. ಹೆಂಡತಿಯ ಮೇಲೆ ಪ್ರೀತಿ ಇಲ್ಲದ ಗಂಡ ಎಂದು ಅವನನ್ನು ಯಾರೂ ಹೇಳುವಂತಿರಲಿಲ್ಲ.

ಆ ಏಸಿ ತಂಪು ಮಾಡಲಿಲ್ಲ.

ಬೆಳಿಗ್ಗೆ, ಸಂಜೆ ಏನೋ ಪರವಾಗಿಲ್ಲ ಎನ್ನುವಂತಿರುತ್ತಿತ್ತು. ಬಿಸಿಲೇರಿ ಗೋಡೆ ಕಾದ ಮೇಲೆ ಯಂತ್ರ ಬಿಡುವಿಲ್ಲದೆ ಓಡಿಯೂ ಕೋಣೆ ಬೆಚ್ಚಗೇ ಇರುತ್ತಿತ್ತು. ಹೆಂಡತಿ ಹೇಳಿದಳು. ಸ್ಟಾರಣ್ಣ ಯಂತ್ರದ ಕಡೆ ತಿರುಗಿಯೂ ನೋಡದೆ, ಬಾಗಿಲು ತೆಗೆದು ತೆಗೆದು ಓಡಾಡುತ್ತೀಯಾ ಎಂದ. ಅವಳು ಬಾಗಿಲು ಮುಚ್ಚಿಕೊಂಡಳು. ಪಕ್ಕದಲ್ಲೇ ಓವನ್ನು ಉರಿಯುತ್ತದೆ, ಅದರ ಬಿಸಿ ಎಂದ. ಅವಳು ಬೆಳಗಾಗುವ ಮೊದಲೇ ಎದ್ದು ಬೇಯಿಸಿ ಮುಗಿಸತೊಡಗಿದಳು. ಕಿಟಕಿಗೆ ಪರದೆ ಇಲ್ಲ ಎಂದ. ಅವಳು ದಪ್ಪ ಪರದೆ ಹೊಲಿದು ಹಾಕಿದಳು. ಕಡೆಗೊಂದು ದಿನ, ಯಂತ್ರ ಚೆನ್ನಾಗೇ ಇದೆ, ನಿನ್ನ ಮೈಯೇ ಬಿಸಿ ಎಂದುಬಿಟ್ಟ. ಕರೆಂಟಿನ ಬಿಲ್ಲು ಏರಿದಾಗ ಅದಕ್ಕೂ ಅವಳಿಗೇ ಬೈದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಊರಿನ ಯಾವ ಮನೆಯ ಏಸಿಯಾಗಿದ್ದರೂ ಅವನು ಏಣಿ ಹಾಕುತ್ತಿದ್ದ. ಇದಕ್ಕೆ ಯಾಕೆ ಹಾಕಲಿಲ್ಲ? ಯಾಕೆಂದರೆ ಇದನ್ನು ಕೂರಿಸಿದ್ದು ಅವನು. ಅವನು ಕೂರಿಸಿದ್ದರಲ್ಲಿ ನೋಡುವುದೇನಿರುತ್ತದೆ? ಈ ಮಾತನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಗೋಡೆ ಎಷ್ಟು ಗಟ್ಟಿಯೋ ಅಷ್ಟು ಗಟ್ಟಿಯಾಗಿ ನಂಬಿದ್ದ. ಹೀಗೆ ಎರಡು ಬೇಸಿಗೆ ಹೋದವು. ಹೆಂಡತಿ ಬೇಸಿಗೆಯಲ್ಲಿ ಹೂವಿನ ಕೇಕುಗಳನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ಕೇಳಿದರೆ ಮಣಿಕಟ್ಟು ನೋವು ಎನ್ನುತ್ತಿದ್ದಳು.

ಮೂರನೆಯ ಬೇಸಿಗೆ ಕಾಲಿಡುವಾಗ ಒಂದು ಒಳ್ಳೆಯ ಹೋಟೆಲಿನಿಂದ ಅವಳಿಗೆ ಕರೆ ಬಂತು. ಅಲ್ಲಿನ ಅಡುಗೆ ಮುಖ್ಯಸ್ಥೆ ಎಲ್ಲೋ ಇವಳ ಕೇಕು ತಿಂದಿದ್ದಳಂತೆ. ಮಾದರಿಗೆ ಒಂದು ಕಳಿಸಿ, ಹಿಡಿಸಿದರೆ ವಾರವಾರವೂ ನಿಮ್ಮಿಂದಲೇ ತರಿಸುತ್ತೇವೆ ಎಂದಿದ್ದಳು. ಮದುವೆಯಾದಾಗಿನಿಂದ ಬಿಡಿ ಬಿಡಿಯಾಗಿ, ಅವರಿವರ ಮಕ್ಕಳ ಹುಟ್ಟುಹಬ್ಬಕ್ಕೆಂದು ಮಾಡಿಕೊಂಡು ಬಂದವಳಿಗೆ ಮೊದಲ ಬಾರಿಗೆ ಇದು ನನ್ನ ಕಸುಬು ಎಂದು ಹೇಳಿಕೊಳ್ಳುವ ಅವಕಾಶ. ಅವಳು ಮೂರಂತಸ್ತಿನ ಕೇಕು ಮಾಡಿದಳು. ಕೋಣೆಯಲ್ಲಿಯೇ ಮೆತ್ತಗಾಗಿದ್ದ ಕ್ರೀಮು ದಾರಿಯಲ್ಲಿ ಪೂರ್ತಿ ಕೈಕೊಟ್ಟಿತು. ಹೋಟೆಲಿನಲ್ಲಿ ಡಬ್ಬಿ ತೆರೆದಾಗ ಮೇಲಿನ ಅಂತಸ್ತು ಕೆಳಗಿನದರ ಹೆಗಲ ಮೇಲೆ ಒರಗಿತ್ತು. ಮುಖ್ಯಸ್ಥೆ ಒಳ್ಳೆಯವಳು, ಮುಂದಿನ ವಾರ ಇನ್ನೊಂದು ತನ್ನಿ, ಆದರೆ ಅದೇ ಕೊನೆಯದು ಎಂದಳು.

ಆ ಸಂಜೆ ಸ್ಟಾರಣ್ಣ ಏನು ಮಾಡಿದ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದ. ಹೆಂಡತಿಗೆ, ಅವಳ ಮುಖಕ್ಕೆ, ಕೈಯಲ್ಲಿನ್ನೂ ಬಣ್ಣದ ಕಲೆ ಇದ್ದವಳಿಗೆ ಆ ಮಾತನ್ನು ಹೇಳಿದ. ನಾನಾಗಿದ್ದರೆ ಆ ಕೇಕನ್ನೇ ಅವನ ತಲೆಯ ಮೇಲೆ ಸುರಿಯುತ್ತಿದ್ದೆ. ಅವಳು ಹೋಗಿ ತಟ್ಟೆ ತೊಳೆದಳು.

ಎರಡನೆಯ ಕೇಕಿನ ದಿನ ಸ್ಟಾರಣ್ಣ ಕೆಲಸಕ್ಕೆ ಹೋದವನು ಡ್ರಿಲ್ಲಿನ ಉದ್ದನೆಯ ಕಡ್ಡಿಯನ್ನು ಮರೆತಿದ್ದಕ್ಕೆ ನಡು ಮಧ್ಯಾಹ್ನ ಮನೆಗೆ ಬಂದ. ಗೇಟಿನ ಬಳಿ ಪರಿಚಯದ ಬೈಕು. ಹಿತ್ತಿಲಿಗೆ ಹೋದರೆ ಗೋಡೆಗೆ ಏಣಿ. ಏಣಿಯ ಮೇಲೆ ಭಾವಮೈದ, ಕೆಳಗೆ ಏಣಿ ಹಿಡಿದುಕೊಂಡು ಹೆಂಡತಿ.

ಆಮೇಲೆ ಬಂದ ಬೈಗುಳಗಳನ್ನು ಬರೆಯುವುದು ಬೇಡ, ಅಕ್ಕಪಕ್ಕದವರು ಕಿಟಕಿ ಮುಚ್ಚಿದರು ಎಂದರೆ ಸಾಕು. ಕಳ್ಳನ ಕೈಗೆ ನನ್ನ ಯಂತ್ರ ಕೊಟ್ಟೆಯಾ ಎಂದ. ಇವನು ಮುಟ್ಟಿದ ಮೇಲೆ ಅದು ಇನ್ನು ಗುಜರಿಗೇ ಎಂದ. ಭಾವಮೈದ ಮೆಲ್ಲಗೆ ಇಳಿದು ಬಂದು ಪಕ್ಕಕ್ಕೆ ನಿಂತ.

"ನಾನು ಇನ್ನೂ ಏನೂ ಮುಟ್ಟಿಲ್ಲ ಭಾವ. ನೀವೇ ಹತ್ತಿ ನೋಡಿ. ತೆಳು ಪೈಪಿನ ಬುಡ ನೋಡಿ" ಎಂದ.

ಸ್ಟಾರಣ್ಣ ಹತ್ತಿದ. ಭಾವಮೈದನ ಸುಳ್ಳನ್ನು ಅಲ್ಲೇ ಹಿಡಿದು ಕೆಳಕ್ಕೆಸೆಯಬೇಕೆಂಬ ಆತುರದಲ್ಲಿ ಹತ್ತಿದ. ನೆತ್ತಿ ಸುಡುವ ಬಿಸಿಲು, ಡಬ್ಬದ ತಗಡು ಕೈಯಿಡಲಾರದಷ್ಟು ಕಾದಿತ್ತು. ಆ ಬಿಸಿಲಿನಲ್ಲಿ ತೆಳು ಪೈಪಿನ ಬುಡಕ್ಕೆ ಉಪ್ಪು ಮೆತ್ತಿದ ಹಾಗೆ ಬೆಳ್ಳಗೆ ಹಿಮ ಕಟ್ಟಿತ್ತು.

ಅವನಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಕಂಪನಿಯವರು ಡಬ್ಬಕ್ಕೆ ಗ್ಯಾಸು ತುಂಬಿ, ವಾಲ್ವು ಮುಚ್ಚಿ ಕಳಿಸುತ್ತಾರೆ. ಪಂಪಿನ ಕೆಲಸ ಮುಗಿದ ಮೇಲೆ ಸಣ್ಣ ಕೀಲಿ ಹಾಕಿ ಆ ವಾಲ್ವನ್ನು ಕಡೆಯ ತನಕ ತಿರುಗಿಸಿ ತೆರೆಯಬೇಕು. ಪೂರ್ತಿ ತೆರೆಯದಿದ್ದರೆ ಗ್ಯಾಸು ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ, ಅಲ್ಲಿಯೇ ಹಿಮ ಕಟ್ಟುತ್ತದೆ. ಯಂತ್ರ ಏದುಸಿರು ಬಿಡುತ್ತ ಕರೆಂಟು ತಿನ್ನುತ್ತದೆ, ಕೋಣೆಗೆ ತಂಪು ಮಾತ್ರ ಸಿಗುವುದಿಲ್ಲ. ಐದು ಸ್ಟಾರಿನ ಯಂತ್ರ ಒಂದು ಸ್ಟಾರಿಗೂ ನಾಲಾಯಕ್ಕಾಗುತ್ತದೆ.

"ನೀನೇ ತಿರುಗಿಸಿದ್ದೀಯಾ ಇದನ್ನ. ಈಗ" ಎಂದ ಮೇಲಿನಿಂದ.

"ಮುಚ್ಚಳದ ಮೇಲೆ ನಿಮ್ಮ ಬಣ್ಣ ಇದೆ ಭಾವ" ಎಂದ ಭಾವಮೈದ.

ಇತ್ತು. ತಾನು ಕೂರಿಸಿದ ಯಂತ್ರಕ್ಕೆ ಬೇರೆಯವರು ಕೈ ಹಾಕಿದರೆ ಗೊತ್ತಾಗಲೆಂದು ಸ್ಟಾರಣ್ಣ ವಾಲ್ವಿನ ಮುಚ್ಚಳದ ಮೇಲಿಂದ ಪೈಪಿನವರೆಗೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆಯುತ್ತಿದ್ದ. ಆ ಗೆರೆ ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ. ಅವನ ಕೈ ಬಿಟ್ಟರೆ ಬೇರೆ ಕೈ ಅದನ್ನು ಮುಟ್ಟಿರಲಿಲ್ಲ.

ಆಗ ಅವನಿಗೆ ಆ ದಿನ ನೆನಪಾಯಿತು. ಪಂಪು ನಿಲ್ಲಿಸಿ, ಇದೇ ಏಣಿಯ ಮೇಲೆ ನಿಂತು, ವಾಲ್ವಿಗೆ ಕೀಲಿ ಹಾಕಿದ್ದಾಗ ಫೋನು ಬಂದಿತ್ತು. ಮಾಡಿದ್ದು ತಪ್ಪಾಯಿತು ಎಂದು ಹೇಳಲು ಭಾವಮೈದನೇ ಮಾಡಿದ್ದು. ಸ್ಟಾರಣ್ಣ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅರ್ಧಂಬರ್ಧ ಕೆಲಸ ಮಾಡುವವನು ನನಗೆ ನೆಂಟನೇ ಅಲ್ಲ ಎಂದು ಕಿರುಚಿದ್ದ. ಕಿರುಚಿ, ಫೋನು ಇಟ್ಟು, ಸಿಟ್ಟಿನ ಭರದಲ್ಲಿಯೇ ಮುಚ್ಚಳ ಬಿಗಿದು, ಮೇಲೊಂದು ಗೆರೆ ಎಳೆದಿದ್ದ. ಕೀಲಿಯನ್ನು ಎಷ್ಟು ತಿರುಗಿಸಿದ್ದನೋ ಆ ದೇವರೇ ಬಲ್ಲ.

ಈಗ ಅವನೇ ಬಣ್ಣ ಕೆರೆದು, ಮುಚ್ಚಳ ಬಿಚ್ಚಿ, ಕೀಲಿ ಹಾಕಿದ. ತಿರುಗದಿರಲಿ ಎಂದು ಬೇಡಿಕೊಂಡ. ಅದು ತಿರುಗಿತು. ನಿಲ್ಲುತ್ತದೇನೋ ಎಂದುಕೊಂಡರೆ ಇನ್ನೂ ತಿರುಗಿತು. ಪೈಪಿನೊಳಗೆ ಸುಯ್ಯೆಂದು ಹರಿಯುವ ಸದ್ದು ಕೇಳಿಸಿತು. ಹಿಮ ಕರಗಿ ಅವನ ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿತು. ಎರಡು ಬೇಸಿಗೆ ಬಾಕಿ ಬಿದ್ದಿದ್ದ ಕೆಲಸ ಮುಗಿಯಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಕೆಳಗಿಳಿದು ಬಂದವನು ಭಾವಮೈದನ ಮುಖ ನೋಡಿದ. ಅವನು ನಗುತ್ತಿರಲಿಲ್ಲ. ನಕ್ಕಿದ್ದರೆ ಒಂದು ಬಾರಿಸಿ ಹಗುರಾಗಬಹುದಿತ್ತು. ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಲ್ಲ, ಹೆಂಡತಿಯ ಕಡೆ ತಿರುಗಿ, ನನ್ನನ್ನು ಒಂದು ಮಾತೂ ಕೇಳದೆ ಇವನನ್ನು ಯಾಕೆ ಕರೆದೆ ಎಂದ.

ಅವಳು ಏಣಿಯಿಂದ ಕೈ ತೆಗೆದಳು. "ನಿಮ್ಮನ್ನ ಕೇಳ್ದೆ ಕರೆದ್ನಾ? ಎರಡು ಬೇಸಿಗೆ ನಿಮ್ಮನ್ನೇ ಕೇಳಿದ್ದು. ಬಾಗಿಲು ಅಂದ್ರಿ, ಓವನ್ನು ಅಂದ್ರಿ, ಪರದೆ ಅಂದ್ರಿ, ನನ್ನ ಮೈಯೇ ಬಿಸಿ ಅಂದ್ರಿ. ಊರೋರ ಮನೇಲಿ ಹೋದ ತಕ್ಷಣ ಯಂತ್ರದ ಮುಚ್ಚಳ ಬಿಚ್ಚಿ ನೋಡ್ತೀರಿ. ನನಗಂತ ಬಂದಾಗ ಬಾಯಿ ಮಾತ್ರ ಬಿಚ್ಚಿದ್ರಿ."

ಹೂವಿನ ಕೇಕು ಬಿಟ್ಟದ್ದು ಮಣಿಕಟ್ಟು ನೋವಿಗೆ ಎಂದಿದ್ದೆಯಲ್ಲ ಎಂದು ಅವನು ತೊದಲಿದ. ಇನ್ನೊಂದು ಸಲ ಬೈಸಿಕೊಳ್ಳುವುದಕ್ಕಿಂತ ಸುಳ್ಳು ಹೇಳುವುದು ಸಲೀಸಾಗಿತ್ತು ಎಂದು ಹೇಳಿ ಅವಳು ಒಳಗೆ ಹೋದಳು. ಕ್ರೀಮು ಕಾಯುತ್ತಿತ್ತು, ಜಗಳಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಸಂಜೆಗೆ ಕೇಕು ಸಿದ್ಧವಾಯಿತು. ಗುಲಾಬಿಯ ಎಸಳುಗಳು ಕತ್ತರಿಸಿಟ್ಟ ಹಾಗೆ ನೆಟ್ಟಗೆ ನಿಂತಿದ್ದವು. ಸ್ಟಾರಣ್ಣ ವ್ಯಾನಿನ ಹಿಂಭಾಗವನ್ನು ಖಾಲಿ ಮಾಡಿ, ಗುಡಿಸಿ, ಒಂದು ದಪ್ಪ ಕಂಬಳಿ ಹಾಸಿ ನಿಂತಿದ್ದ. ಅವಳು ಅತ್ತ ನೋಡಲೂ ಇಲ್ಲ. ಬಾಡಿಗೆ ಕಾರು ತರಿಸಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಳು.

ಅವನು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಡ್ರಿಲ್ಲಿನ ಕಡ್ಡಿ ಮೇಜಿನ ಮೇಲೆಯೇ ಇತ್ತು. ಗಿರಾಕಿಗಳ ಫೋನು ಬಂದಂತೆಲ್ಲ ಎತ್ತಿ, ನಾಳೆ ಬರುತ್ತೇನೆ ಎಂದು ಮೆತ್ತಗೆ ಹೇಳಿ ಇಟ್ಟ. ಆ ದನಿ ಕೇಳಿ ಒಬ್ಬ ಗಿರಾಕಿ, ಹುಷಾರಿಲ್ಲವೇನಪ್ಪ ಎಂದು ವಿಚಾರಿಸಿದ.

ಕತ್ತಲಾದ ಮೇಲೆ ಅವಳು ಬಂದಳು. ತಮ್ಮ ಗೇಟಿನಲ್ಲೇ ಬೈಕು ಹತ್ತಿ ಹೊರಟುಹೋದ. ಚಪ್ಪಲಿ ಬಿಡುತ್ತಲೇ ಅವಳು, ಯಾರಿಗೆಂದಿಲ್ಲದೆ, ವಾರವಾರ ಕಳಿಸಿ ಅಂದರು ಎಂದಳು. ಅವಳು ಹೋದಾಗಿನಿಂದ ಗೇಟನ್ನೇ ನೋಡುತ್ತ ಕೂತಿದ್ದ ಸ್ಟಾರಣ್ಣನಿಗೆ ಎದೆ ಹಗುರಾಯಿತು. ಹಗುರಾದದ್ದೇ ತಡ, ನಾಲಿಗೆ ಹಳೆಯ ಹಾದಿ ಹಿಡಿಯಿತು.

"ನಾನು ಹೇಳಿರಲಿಲ್ವಾ, ಯಂತ್ರ ಒಳ್ಳೇದೇ ಅಂತ" ಎಂದ.

ಅವಳು ತಿರುಗಿ ನಿಂತಳು. ಅವನು ಕಿರುಚಾಟಕ್ಕೆ ಮೈ ಗಟ್ಟಿ ಮಾಡಿಕೊಂಡ. ಕಿರುಚಾಟವಾದರೆ ಅವನಿಗೆ ಗೊತ್ತಿರುವ ಕೆಲಸ, ಮರಳಿ ಕಿರುಚಿದರಾಯಿತು. ಅವಳ ದನಿ ಏರಲಿಲ್ಲ.

"ಈ ಮನೇಲಿ ಇಷ್ಟು ವರ್ಷ ಸಿಟ್ಟು ಅನ್ನೋದು ನಿಮಗೊಬ್ಬರಿಗೇ ಇತ್ತು. ಈಗ ನನಗೂ ಬಂದಿದೆ. ನಿಮ್ಮದರ ಹಾಗೆ ಬಂದು ಹೋಗೋ ಸಿಟ್ಟಲ್ಲ ಇದು. ಇದು ಇಳಿಯೋ ತನಕ ನನ್ನ ಹತ್ರ ಮಾತಾಡ್ಬೇಡಿ."

ಎಷ್ಟು ದಿನ ಎಂದು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಬಾಗಿಲ ಹೊರಗೆ ನಿಂತು ಕಿವಿಗೊಟ್ಟ. ಒಳಗೆ ಅವಳು ಅಳುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿರಲಿಲ್ಲ. ಮುಂದಿನ ವಾರದ ಕೇಕಿಗೆ ಏನೇನು ಬೇಕೆಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು.